ಅವ್ವನ ದನಿಯಲ್ಲಿ ಒಂದು ಫೋನು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೇ. ಎಷ್ಟೋ ಜನರ ದನಿ ತೆಗೆದು, ಅಂದರೆ ಅವರ ಹಾಗೇ ಮಾತಾಡಿ, ಬದುಕಿದವನು ನಾನು. ಚುನಾವಣೆಗೆ ನಿಂತ ಇಬ್ಬರ ದನಿಯನ್ನೂ ಒಂದೇ ದಿನ ಒಂದೇ ಆಟೊದಲ್ಲಿ ತೆಗೆದು, ಇಬ್ಬರ ಕಡೆಯವರಿಂದಲೂ ಬೈಸಿಕೊಂಡಿದ್ದೇನೆ. ಅದೆಲ್ಲ ನಡೆಯುತ್ತದೆ. ಆದರೆ ಚೆನ್ನಾಗಿ ಬದುಕಿರುವ ಒಬ್ಬ ತಾಯಿಯ ದನಿ ತೆಗೆದು, ಚಾಪೆ ಹಿಡಿದು ಮಲಗಿದ ಅವಳ ಮಗಳಿಗೆ ಫೋನು ಹಚ್ಚಿದ್ದು ಶುದ್ಧ ಮಂಗತನ. ಹಚ್ಚಿದ ದಿನ ಮಾತ್ರ ನನಗೆ ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳಬೇಕು ಅನ್ನಿಸಿತ್ತು. ಕೈ ಎಟುಕಲಿಲ್ಲ, ಅಷ್ಟೆ.

ನಾನು ಸಿಂಧನೂರಿನವನು. ಕಸುಬು ಮಿಮಿಕ್ರಿ. ಹೊಸ ಬಟ್ಟೆ ಅಂಗಡಿಯೋ ಮೊಬೈಲ್ ಅಂಗಡಿಯೋ ತೆರೆದರೆ ಬಾಗಿಲಲ್ಲಿ ಮೈಕು ಹಿಡಿದು, ಸಿನಿಮಾದವರ, ರಾಜಕೀಯದವರ ದನಿಯಲ್ಲಿ ಗಿರಾಕಿಗಳನ್ನು ಕರೆಯುತ್ತೇನೆ. ಉಳಿದ ದಿನ ಆಟೊದ ಮೇಲೆ ಸ್ಪೀಕರ್ ಕಟ್ಟಿಕೊಂಡು ಹಳ್ಳಿಗಳಲ್ಲಿ ಜಾಹೀರಾತು ಕೂಗುತ್ತೇನೆ. ದನಿಗಳು ಬೇಕಾದಷ್ಟಿವೆ. ಮುಖ ಒಂದೇ, ಅದೂ ಅಷ್ಟಕ್ಕಷ್ಟೆ. ನನಗೆ ಗಂಡಸರೇ ಇಷ್ಟ ಎನ್ನುವುದನ್ನೂ ಇಲ್ಲೇ ಹೇಳಿ ಮುಗಿಸುತ್ತೇನೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ನಮ್ಮ ಮನೆಯವರು ಪುಸ್ತಕ ಓದುವುದಿಲ್ಲ, ಹಾಗಾಗಿ ಇಲ್ಲಿ ಇಷ್ಟು ಧೈರ್ಯ.

ಆ ಮಗಳು, ನಾನು ಅಕ್ಕ ಎಂದು ಕರೆಯುವವಳು, ನನಗೆ ಸಿಕ್ಕಿದ್ದು ಒಂದು ಬಟ್ಟೆ ಅಂಗಡಿಯ ಉದ್ಘಾಟನೆಯಲ್ಲಿ. ಅಂಗಡಿ ತೆರೆದರೆ ನಮ್ಮ ಕಡೆ ಜೋಗಮ್ಮಂದಿರು ಬಂದು ಹರಸಿ ಹೋಗಬೇಕು. ಹುಟ್ಟಿದಾಗ ಗಂಡು ಅನ್ನಿಸಿಕೊಂಡು, ಮುಂದೆ ಹೆಣ್ಣಾಗಿ ಬದುಕುತ್ತ, ದೇವಿಯ ಹೆಸರಿನಲ್ಲಿ ಕೊರಳಿಗೆ ಮುತ್ತು ಕಟ್ಟಿಸಿಕೊಂಡವರು ಅವರು. ಊರವರು ಹಿಂದಿನಿಂದ ಜೋಗಪ್ಪ ಅನ್ನುತ್ತಾರೆ, ಎದುರಿಗೆ ಜೋಗಮ್ಮ ಅನ್ನುತ್ತಾರೆ. ಆ ದಿನ ಇಬ್ಬರು ಬಂದಿದ್ದರು. ತಲೆಯ ಮೇಲೆ ದೇವಿಯ ಬುಟ್ಟಿ ಹೊತ್ತ ಹಿರಿಯ ಜೋಗಮ್ಮ, ಅವಳ ಹಿಂದೆ ಮೂವತ್ತರ ಆಸುಪಾಸಿನ ಅಕ್ಕ. ಮೈಕು ನನ್ನ ಕೈಯಲ್ಲಿತ್ತು, ಜನ ಸೇರಿದ್ದರು, ನಾಲಿಗೆ ತುರಿಸಿತು. ಅಕ್ಕನ ನಡಿಗೆಯನ್ನೂ ದನಿಯನ್ನೂ ತೆಗೆದೆ. ಜನ ಬಿದ್ದು ಬಿದ್ದು ನಕ್ಕರು.

ಅಕ್ಕ ಸುಮ್ಮನೆ ಬಂದು ಮೈಕು ಇಸಿದುಕೊಂಡಳು. ಪ್ರತಿ ದನಿಗೂ ಮುಂಚೆ ನಾನು ಗಂಟಲು ಕೆರೆಯುವುದು, ಪ್ಯಾಂಟು ಮೇಲೆಳೆಯುವುದು, ಚಪ್ಪಾಳೆ ಬಾರದಿದ್ದರೆ ನಾನೇ ಮೊದಲು ನಗುವುದು, ಎಲ್ಲವನ್ನೂ ಒಂದರ ಹಿಂದೆ ಒಂದು ತೆಗೆದು ತೋರಿಸಿದಳು. ಅಂಗಡಿಯ ಮಾಲೀಕ ಕೂತ ಕುರ್ಚಿಯಿಂದ ಜಾರಿದ. ಆಮೇಲೆ ಮೈಕು ನನ್ನ ಕೈಗಿಟ್ಟು, "ತೊಗೋ ತಮ್ಮಾ, ನಿನ್ನ ದನಿ ಕೆಳಗ ಬಿದ್ದಿತ್ತು," ಅಂದಳು.

ಅವತ್ತೇ ನಾನು ಅವಳ ಶಿಷ್ಯನಾದೆ. ಅವಳು ಒಪ್ಪಿಕೊಂಡಿದ್ದಳೋ ಇಲ್ಲವೋ ಬೇರೆ ಮಾತು. ಮಸ್ಕಿಯಲ್ಲಿ ಅವರಿಬ್ಬರೂ ಬಾಡಿಗೆಗಿದ್ದ ಮನೆಗೆ ಹೋಗಿ ಬರತೊಡಗಿದೆ. ಮೂರನೆಯ ಸಲವೋ ನಾಲ್ಕನೆಯ ಸಲವೋ ಹೋದಾಗ, ಚಹಾ ಸೋಸುತ್ತ ಕೇಳಿದಳು: "ಬಜಾರದಾಗಿನ ಎಲ್ಲಾರ ದನಿ ತೆಗೀತೀ. ಆ ಪಾತ್ರಿ ಅಂಗಡಿ ಹುಡುಗಂದು ಮಾತ್ರ ಯಾಕ ತೆಗಿಯಂಗಿಲ್ಲ?"

ನನ್ನ ಕಿವಿ ಬಿಸಿಯಾಯಿತು. "ಅಂವ ಹೆಚ್ಚು ಮಾತಾಡಂಗಿಲ್ಲ ಬೇ," ಅಂದೆ.

"ಹೌದೌದು. ಮಾತಾಡದಾಂವನ ಮುಂದ ನೀ ದಿನಾ ಎರಡು ತಾಸು ನಿಂದರ್ತೀ," ಅಂದು ಚಹಾ ಕೊಟ್ಟಳು. ನನ್ನ ಗುಟ್ಟು ಹೊರಗೆ ಬಿದ್ದದ್ದು ಹೀಗೆ, ಒಂದು ಲೋಟ ಚಹಾದ ಜೊತೆ, ಯಾವ ಗದ್ದಲವೂ ಇಲ್ಲದೆ. ಅವತ್ತು ರಾತ್ರಿ ನಾನು ಮಲಗಿದಷ್ಟು ಚೆನ್ನಾಗಿ ಅದಕ್ಕೆ ಹಿಂದೆ ಎಂದೂ ಮಲಗಿರಲಿಲ್ಲ.

ಮಂಗಳವಾರ, ಶುಕ್ರವಾರ ಜೋಗಮ್ಮನ ಜೊತೆ ಮನೆಮನೆಗೆ ಜೋಗ ಬೇಡಲು ಹೋಗುವುದು, ಉಳಿದ ದಿನ ಬಳಗಾನೂರಿನ ಕಡೆಯ ಗದ್ದೆಗಳಲ್ಲಿ ಹೆಂಗಸರ ಜೊತೆ ಭತ್ತದ ನಾಟಿಗೆ ಹೋಗುವುದು, ಇದು ಅಕ್ಕನ ಬದುಕು. ಸಾಲಿನ ಮುಂದೆ ಅವಳೇ ಇರಬೇಕು. ಹಿಂದುಳಿದ ಹೆಂಗಸರನ್ನು ಅವರವರ ಅತ್ತೆಯ ದನಿಯಲ್ಲಿ ಬೈಯುತ್ತಿದ್ದಳು. ಬೈಸಿಕೊಂಡವರೇ ಕೆಸರಿನಲ್ಲಿ ನಗುತ್ತ ಮುಂದೆ ಬಂದುಬಿಡುತ್ತಿದ್ದರು. ಹೊಲದವರಿಗೆ ಬೇರೆ ಮೇಸ್ತ್ರಿ ಬೇಕಾಗುತ್ತಿರಲಿಲ್ಲ.

ಅಂಥವಳು ಹೋದ ವರ್ಷ ನಾಟಿಯ ಹೊತ್ತಿಗೆ ಸರಿಯಾಗಿ ಏಳುವುದನ್ನೇ ಬಿಟ್ಟಳು. ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಮಲಗಿದಳು. ಜಳಕವಿಲ್ಲ, ತಲೆ ಬಾಚುವುದಿಲ್ಲ. ತಟ್ಟೆ ಇಟ್ಟರೆ ಇಟ್ಟ ಹಾಗೇ ಇರುತ್ತಿತ್ತು. ನಾಟಿಯ ಹೆಂಗಸರು ಬಂದು ಕರೆದರು. ನಾನು ನನಗೆ ಗೊತ್ತಿದ್ದ ದನಿಗಳನ್ನೆಲ್ಲ ಖಾಲಿ ಮಾಡಿದೆ. ಕೊನೆಗೆ ಕತ್ತೆಯ ದನಿಯನ್ನೂ ತೆಗೆದೆ. ಅದರಲ್ಲಿ ನನಗೆ ಒಳ್ಳೆಯ ಹೆಸರಿದೆ. ಅಕ್ಕ ತಿರುಗದೆ ಅಂದಳು: "ಎಲ್ಲಾ ಬರೋಬರಿ ಅದಾವ ತಮ್ಮಾ. ನನಗ ಮುಟ್ಟವಲ್ಲವು."

ಒಂದು ಸಂಜೆ ಅವಳೊಬ್ಬಳೇ ಕಾಲುವೆಯ ದಂಡೆಗೆ ಹೋಗಿ ಕೂತಿದ್ದಳು. ಗದ್ದೆಯಿಂದ ಬರುತ್ತಿದ್ದ ಹೆಂಗಸರು ಕಂಡು ಕೈಹಿಡಿದು ಕರೆತಂದರು. ಯಾಕೆ ಹೋಗಿದ್ದಳು ಎಂದು ಯಾರೂ ಕೇಳಲಿಲ್ಲ. ಕೇಳದೆಯೇ ಎಲ್ಲರಿಗೂ ತಿಳಿದಿತ್ತು.

ಜೋಗಮ್ಮ ಇನ್ನು ಬೇವಿನ ಸೊಪ್ಪು ತರುತ್ತಾಳೆ, ದೇವಿಯ ಕಾಟ ಅನ್ನುತ್ತಾಳೆ ಎಂದು ನಾನು ಎಣಿಸಿದ್ದೆ. ಅವಳ ದನಿಯಲ್ಲಿ ಆ ಮಾತನ್ನು ಮನಸ್ಸಿನಲ್ಲೇ ಆಡಿ ನೋಡಿಯೂ ಆಗಿತ್ತು. ಜೋಗಮ್ಮ ಎಲೆಯಡಿಕೆ ಉಗುಳಿ ಬಂದು ಅಕ್ಕನ ಬದಿಯಲ್ಲಿ ಕೂತು ಹೇಳಿದ್ದೇ ಬೇರೆ:

"ಇಷ್ಟು ವರ್ಷ ದೇವಿನ್ನ ತೆಲಿ ಮ್ಯಾಲ ಹೊತ್ತೀನಿ. ಅಕಿ ಕಾಟ ಹ್ಯಾಂಗಿರ್ತದ ನನಗ ಗೊತ್ತದ. ಇದು ಅಕೀದಲ್ಲ. ಹಿಂಗ ಮಕ್ಕೊಂಡ ನಮ್ಮ ಮಂದಿ ಇಬ್ಬರು ನನ್ನ ಕೈಯಾಗಿಂದ ಹೋಗ್ಯಾರ. ಮೂರನೇದಾಕಿನ್ನ ಬಿಡಂಗಿಲ್ಲ. ಲಿಂಗಸುಗೂರಿಗೆ ನಡೀರಿ."

ಲಿಂಗಸುಗೂರಿನ ಒಂದು ಖಾಸಗಿ ದವಾಖಾನೆಗೆ ಮನಸ್ಸಿನ ಡಾಕ್ಟರಮ್ಮ ರಾಯಚೂರಿನಿಂದ ಬರುವುದು ಮಂಗಳವಾರ. ಮಂಗಳವಾರ ದೇವಿಯ ಬುಟ್ಟಿ ಮನೆಯಲ್ಲಿ ಕೂಡುವಂತಿಲ್ಲ. ಹಾಗಾಗಿ ಬುಟ್ಟಿಯೂ ಬಸ್ಸು ಹತ್ತಿತು. ಕಂಡಕ್ಟರ್ ಅದನ್ನು ನೋಡಿ, "ಇದಕ್ಕ ಲಗೇಜ್ ಟಿಕೀಟು ಆಗ್ತದ," ಅಂದ.

"ಒಳಗ ಕುಂತಾಕಿ ಹೆಂಗಸು ಅದಾಳ್ರೀ ಸಾಹೇಬ್ರ," ಅಂದಳು ಜೋಗಮ್ಮ. "ಹೆಂಗಸರಿಗೆ ಫ್ರೀ ಅಲ್ಲೇನು?"

ಹೆಂಗಸರಿಗೆ ಫ್ರೀ, ಅವರಿಬ್ಬರಿಗೂ ಫ್ರೀ, ದೇವಿಗೂ ಫ್ರೀ. ಟಿಕೀಟು ತೆಗೆದವನು ನಾನೊಬ್ಬನೇ. ಅಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದಳು. ಬೇರೆ ದಿನವಾಗಿದ್ದರೆ ಮಸ್ಕಿಯಿಂದ ಲಿಂಗಸುಗೂರಿನ ತನಕ ಇದೊಂದನ್ನೇ ಹಿಡಿದು ನನ್ನ ಮಾನ ಕಳೆಯುತ್ತಿದ್ದಳು.

ದವಾಖಾನೆಯ ಬೆಂಚುಗಳಲ್ಲಿ ಮೊದಲು ಕಿಸಕಿಸ ನಗು ಎದ್ದಿತು. ಆಮೇಲೆ ಒಬ್ಬ ಮುದುಕಿ ಎದ್ದು ಬಂದು ಮೊಮ್ಮಗಳನ್ನು ಬುಟ್ಟಿಯ ಮುಂದೆ ಬಾಗಿಸಿದಳು. ಅವಳ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಡಾಕ್ಟರ ಬಾಗಿಲ ಸಾಲಿಗಿಂತ ನಮ್ಮ ಬುಟ್ಟಿಯ ಸಾಲು ದೊಡ್ಡದಾಯಿತು. ಅಕ್ಕ ಒಬ್ಬೊಬ್ಬರ ಹಣೆಗೂ ಅರಿಶಿನದ ಭಂಡಾರ ಹಚ್ಚಿದಳು. "ಚಲೋ ಆಗ್ತದ, ಹೋಗ್ರಿ" ಎನ್ನುವ ಅದೇ ಮಾತನ್ನು ಎಲ್ಲರಿಗೂ ಅಂದಳು. ಎದ್ದು ತಲೆ ಬಾಚಿಕೊಳ್ಳುವ ಶಕ್ತಿ ಇಲ್ಲದವಳು, ಬಂದವರಲ್ಲಿ ಒಬ್ಬರನ್ನೂ ಬರಿಗೈಯಲ್ಲಿ ಕಳಿಸಲಿಲ್ಲ. ನಾನು ಗೋಡೆಗೊರಗಿ ನೋಡುತ್ತಿದ್ದೆ. ಯಾರ ದನಿಯನ್ನೂ ತೆಗೆಯಬೇಕು ಅನ್ನಿಸಲಿಲ್ಲ.

ಅಷ್ಟರಲ್ಲಿ ಕಂಪೌಂಡರ್ ಚೀಟಿ ನೋಡಿ ಅಕ್ಕನ ಹಳೆಯ ಹೆಸರು ಕೂಗಿದ, ಆಧಾರ್ ಕಾರ್ಡಿನಲ್ಲಿರುವ ಗಂಡಸಿನ ಹೆಸರು. ಅಕ್ಕ ಏಳಲಿಲ್ಲ. ಮತ್ತೆ ಕೂಗಿದ. ಬಾಗಿಲು ತೆರೆದು ಡಾಕ್ಟರಮ್ಮನೇ ಹೊರಗೆ ಬಂದರು. ಬುಟ್ಟಿ ನೋಡಿದರು, ಅಕ್ಕನನ್ನು ನೋಡಿದರು, ಚೀಟಿ ನೋಡಿದರು. "ನಿಮ್ಮನ್ನ ಏನಂತ ಕರೀಲಿ?" ಎಂದು ಕೇಳಿದರು. ಅಕ್ಕ ತನ್ನ ಹೆಸರು ಹೇಳಿದಳು. ಅವರು ಪೆನ್ನು ತೆಗೆದು ಚೀಟಿ ತಿದ್ದಿ, "ಬರ್ರಿ," ಅಂದರು.

ಒಳಗೆ ಅವರು ಬಹಳ ಹೊತ್ತು ಕೇಳಿದರು, ಸ್ವಲ್ಪ ಹೇಳಿದರು. ಇದೂ ಒಂದು ಕಾಯಿಲೆಯೇ, ಔಷಧ ಇದೆ, ಆದರೆ ಗುಣ ಕಾಣಲು ವಾರಗಳು ಬೇಕು, ನಡುವೆ ಬಿಡಬಾರದು. ಹೆಣ್ಣಾಗಿ ಬದುಕುವುದು ಕಾಯಿಲೆಯಲ್ಲ, ಅದಕ್ಕೆ ಔಷಧ ಕೇಳಲೂಬೇಡಿ, ಕೊಡುವುದೂ ಇಲ್ಲ. ಕೆಟ್ಟ ವಿಚಾರ ಬಂದರೆ ಬಂದ ಗಳಿಗೆಯಲ್ಲೇ ಬದಿಯಲ್ಲಿದ್ದವರಿಗೆ ಹೇಳಿಬಿಡಬೇಕು. ಆಮೇಲೆ ನನ್ನ ಕಡೆ ತಿರುಗಿ, "ನೀವು ಹೆಂಗದೀರಿ?" ಅಂದರು.

ನಾನು ಒಬ್ಬ ಮಂತ್ರಿಯ ದನಿಯಲ್ಲಿ, ನಾಡಿನ ಜನತೆಯ ಆಶೀರ್ವಾದದಿಂದ ಕ್ಷೇಮವಾಗಿದ್ದೇನೆ ಅಂದೆ. ಅವರು ನಗಲಿಲ್ಲ. "ಮಂತ್ರಿಗಳಿಗೆ ನಿದ್ದಿ ಬರೋಬರಿ ಬರ್ತದೇನು?" ಎಂದು ಕೇಳಿದರು. ಮಂತ್ರಿಗಳು ಪ್ಯಾಂಟು ಮೇಲೆಳೆದುಕೊಂಡರು. ಮುಂದಿನ ಮಂಗಳವಾರದ ಚೀಟಿಯಲ್ಲಿ ನನ್ನ ಹೆಸರೂ ಸೇರಿತು.

ಹೊರಡುವ ಮುಂಚೆ ಮನೆಯವರ ಬಗ್ಗೆ ಕೇಳಿದರು. ಅಕ್ಕ ಹೇಳಿದಳು: "ಅವ್ವ ಅದಾಳ್ರೀ, ಸಾಲಗುಂದದಾಗ. ನಾ ಸೀರಿ ಉಟ್ಟು ಮನಿ ಬಿಟ್ಟಾಗಿಂದ ಮಾತಿಲ್ಲ. ಒಂದ್ಸಲ ಆರಾಮದೀಯೇನು ಅಂತ ಕೇಳಿದ್ರ ಸಾಕಾಗಿತ್ತು."

ಡಾಕ್ಟರಮ್ಮ ಬರೆದುಕೊಟ್ಟ ಗುಳಿಗೆಗಳ ಜೊತೆ ಇದನ್ನೂ ಒಂದು ಗುಳಿಗೆ ಎಂದು ನಾನು ತಿಳಿದುಕೊಂಡೆ. ಮಂಗತನ ಶುರುವಾಗಿದ್ದು ಇಲ್ಲಿಂದ.

ಜೋಗಮ್ಮ ದಿನಾ ತನ್ನ ಕಣ್ಣೆದುರಿಗೆ ಗುಳಿಗೆ ನುಂಗಿಸುತ್ತಿದ್ದಳು. ನುಂಗಿದ ಮೇಲೆ ಬಾಯಿ ತೆರೆಸಿ ನೋಡುತ್ತಿದ್ದಳು. ಕೆಲವು ವಾರಗಳಲ್ಲಿ ಅಕ್ಕ ಎದ್ದು ಕೂಡತೊಡಗಿದಳು, ಚಹಾ ಕೇಳಿ ಕುಡಿದಳು. ಆದರೆ ಹೊಸ್ತಿಲು ದಾಟಲಿಲ್ಲ. ಅವಳ ಅವ್ವನ ದನಿ ನನಗೆ ಅರ್ಧ ಗೊತ್ತಿತ್ತು. ಚೆನ್ನಾಗಿದ್ದ ದಿನಗಳಲ್ಲಿ ಅಕ್ಕನೇ ಅದನ್ನು ತೆಗೆದು ನಗಿಸುತ್ತಿದ್ದಳು. ಉಳಿದರ್ಧಕ್ಕೆ ಸಾಲಗುಂದಕ್ಕೆ ಆಟೊ ಹೊಡೆದೆ. ಸೀರೆ ಅಂಗಡಿಯ ಜಾಹೀರಾತು ಕೂಗುತ್ತ ಅವರ ಮನೆ ಕೇಳಿಕೊಂಡು ಹೋಗಿ, ಬಾಗಿಲಲ್ಲಿ ನಿಂತು ನೀರು ಕೇಳಿದೆ.

ಅವ್ವ ಚೊಂಬು ಕೊಟ್ಟು, "ಏನು ಒದರ್ತೀಯೋ ಯಪ್ಪಾ, ಎಮ್ಮಿ ಹಾಲು ಇಳಿಸವಲ್ದು," ಅಂದಳು. ಒಣಗಿದ ದನಿ, ಮಾತಿನ ಕೊನೆಗೆ ಸಣ್ಣ ಉಸಿರು. ಅಷ್ಟು ಸಾಕಾಯಿತು ನನಗೆ.

ಮರುದಿನ ಸಂಜೆ, ಗೆಳೆಯನೊಬ್ಬನ ಫೋನಿನಿಂದ ಅಕ್ಕನಿಗೆ ಹಚ್ಚಿದೆ. "ನಾ ಅವ್ವ. ಬಾಜೂ ಮನಿ ಹುಡುಗನ ಫೋನು ಇದು. ಆರಾಮದೀಯೇನು? ಗುಳಿಗಿ ತಪ್ಪಿಸಬ್ಯಾಡ." ಇಷ್ಟೇ ಹೇಳಿ ಇಟ್ಟುಬಿಡಬೇಕು ಎನ್ನುವುದು ನನ್ನ ಲೆಕ್ಕ. ಆದರೆ ಅತ್ತ ಕಡೆ ಅಕ್ಕ ಅಳತೊಡಗಿದಳು. ಅಳುತ್ತಲೇ, "ಅವ್ವಾ, ನಾ ಬರ್ಲೇನು?" ಅಂದಳು. ಬೇಡ ಅನ್ನಬೇಕಿತ್ತು. ಆ ದನಿಯಲ್ಲಿ ಬೇಡ ಎನ್ನುವ ಮಾತು ಹೊರಡಲಿಲ್ಲ. "ಬಾ," ಅಂದೆ.

ಬೆಳಿಗ್ಗೆ ಜೋಗಮ್ಮನ ಫೋನು ಬಂತು. "ಲೇ ಹುಡುಗಾ, ಚಲೋ ಸುದ್ದಿ. ಅಕಿ ಅವ್ವ ಕರದಾಳಂತ. ಎದ್ದು ಜಳಕಾ ಮಾಡಿ, ಹಸರು ಸೀರಿ ಉಟ್ಟು, ಮೊದಲನೇ ಬಸ್ಸಿಗೆ ಹೋಗ್ಯಾಳ."

ನಾನು ನಡೆದದ್ದು ಹೇಳಿದೆ. "ನಿನ್ನ ನಾಲಿಗಿ ಸುಡ್ಲಿ! ಆ ಬಾಗಲದಾಗ ಅಕಿ ಒಬ್ಬಾಕಿನ ನಿಂತು ತಿರುಗಿ ಬಂದ್ಲಂದ್ರ ಮತ್ತ ಏಳಂಗಿಲ್ಲಲೇ! ಓಡು!"

ಗಾಡಿ ಹೊಡೆದುಕೊಂಡು ಹೋದೆ. ಸಾಲಗುಂದದ ಬಸ್ಸು ನಿಲ್ಲುವ ಕಡೆ, ಬೇವಿನ ಮರದ ಕೆಳಗಿನ ಕಟ್ಟೆಯಲ್ಲಿ ಹಸಿರು ಸೀರೆ ಕಂಡಿತು. ತಲೆ ಬಾಚಿ ಹೂವು ಮುಡಿದು ಕೂತಿದ್ದಳು. ನಾನು ಗಾಡಿ ನಿಲ್ಲಿಸಿ, ಬಾಯಿ ತೆರೆಯುವ ಮೊದಲೇ ಅವಳು ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.

"ಬಾ ಅವ್ವಾ, ಕೂಡು," ಅಂದಳು.

"ಯಾವಾಗ ಗೊತ್ತಾತು?"

"ಬಸ್ಸಿನ್ಯಾಗ. ಗುಳಿಗಿ ಸುದ್ದಿ ಅವ್ವಗ ಯಾರು ಹೇಳಿದ್ರು ಅಂತ ವಿಚಾರ ಮಾಡಾಕತ್ತಿದ್ದೆ. ಸಿಂಧನೂರು ಬಂತು. ನಿನ್ನ ಊರು ಕಂಡ ಕೂಡ್ಲೆ ನೀನೂ ಕಂಡಿ."

"ಹೊಡಿ ಬೇ. ಚಪ್ಪಲಿ ತೊಗೊಂಡು ಹೊಡಿ."

"ಹೊಸಾವು ಅದಾವ, ಹರೀತಾವ," ಅಂದಳು. ತಿರುಗಿ ಹೋಗುವ ಒಂದು ಬಸ್ಸು ಆಗಲೇ ಹೋಗಿತ್ತಂತೆ, ಕೈ ಮಾಡಿರಲಿಲ್ಲ. ಇನ್ನೊಂದು ನನ್ನೆದುರಿಗೇ ಬಂದು ನಿಂತಿತು. "ಹತ್ತೂಣು ನಡಿ," ಅಂದೆ. ಅವಳು ಏಳಲಿಲ್ಲ. ಬಸ್ಸು ಹೋಯಿತು.

"ಅವ್ವ ಸುಳ್ಳಿದ್ಲು ತಮ್ಮಾ. ಜಳಕ ಖರೇ ಆತು, ಸೀರಿ ಖರೇ ಉಟ್ಟೆ, ಬಸ್ಸು ಖರೇ ಹತ್ತಿದೆ. ಇಲ್ಲಿಂದ ತಿರುಗಿದ್ರ ಮತ್ತ ಅದ ಚಾಪಿಗೆ ಹೋಗಿ ಬೀಳ್ತೀನಿ, ಅದು ನನಗ ಗೊತ್ತದ. ಮುಂದ ಹೋದ್ರ ಏನಾಗ್ತದ ಗೊತ್ತಿಲ್ಲ." ಸೀರೆಯ ಧೂಳು ಕೊಡವಿ ಎದ್ದಳು. "ಗೊತ್ತಿಲ್ಲದ ಕಡಿಗೆ ಹೋಗೂಣು ನಡಿ."

ನಾನು ವೇದಿಕೆ ಹತ್ತುವುದನ್ನು ದೊಡ್ಡ ಧೈರ್ಯ ಎಂದು ತಿಳಿದಿದ್ದವನು. ಆ ಓಣಿಯಲ್ಲಿ ಅವಳ ಹಿಂದೆ ನಡೆಯುತ್ತಿದ್ದಾಗ ಕಟ್ಟೆಗಳ ಮೇಲಿನ ಮಾತುಗಳೆಲ್ಲ ನಿಂತವು. ಅವಳು ಯಾರನ್ನೂ ನೋಡಲಿಲ್ಲ, ಯಾರಿಗೂ ತಲೆ ತಗ್ಗಿಸಲೂ ಇಲ್ಲ.

ಬಾಗಿಲಲ್ಲಿ ಎದುರಾದವನು ತಮ್ಮ, ಅವಳ ಬೆನ್ನಿಗೆ ಹುಟ್ಟಿದವನು. ರೈಸ್ ಮಿಲ್ಲಿನಲ್ಲಿ ನೌಕರಿ, ಇಸ್ತ್ರಿ ಮಾಡಿದ ಅಂಗಿ. ಅಕ್ಕನನ್ನು ಕಂಡು ಅವನ ಮುಖದಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು.

"ನಾಡಿದ್ದು ಕನ್ಯಾದವರು ಮನಿ ನೋಡಾಕ ಬರಾಕತ್ತಾರ. ಇವತ್ತ ಬರಬೇಕೇನು? ಯಾರು ಕರದಾರ?"

"ಅವ್ವನ್ನ ನೋಡಾಕ ಬಂದೀನಿ. ನೋಡಿ ಹೋಗ್ತೀನಿ."

"ಯಾರು ಕರದಾರ ಅಂತ ಕೇಳಾಕತ್ತೀನಿ!"

ಅಕ್ಕ ಸುಳ್ಳು ಹೇಳಲಿಲ್ಲ, ನನ್ನನ್ನು ತೋರಿಸಲೂ ಇಲ್ಲ. ನಾನು ಗಂಟಲು ಕೆರೆದೆ. ಆಮೇಲೆ ಹೊರಟಿದ್ದು ನನ್ನ ಸ್ವಂತ ದನಿ. ಬಳಸದೆ ಇಟ್ಟಿದ್ದಕ್ಕೋ ಏನೋ ಬಹಳ ಸಣ್ಣಗಿತ್ತು.

"ಅಣ್ಣಾರ, ಯಾರೂ ಕರದಿಲ್ಲ. ಅವ್ವಾರ ದನಿ ತೆಗೆದು ನಾನ ಫೋನ್ ಹಚ್ಚಿದ್ದೆ. ಅಕ್ಕಂದು ತಪ್ಪಿಲ್ಲ. ಅಕಿಗೆ ಆರಾಮಿಲ್ಲ, ದವಾಖಾನಿ ನಡದದ. ಇಕಿನ್ನ ಬಾಗಲದಾಗಿಂದ ಹಂಗ ಕಳಿಸಬ್ಯಾಡ್ರಿ."

ಅಷ್ಟು ಹೊತ್ತಿಗೆ ಅವ್ವ ಒಳಗಿನಿಂದ ಬಂದು ನಿಂತಿದ್ದಳು. ಕೈತುಂಬ ಜೋಳದ ಹಿಟ್ಟು. ನನ್ನನ್ನು ನೋಡಿ, "ನೀ ಮೊನ್ನಿ ನೀರು ಕುಡದು ಹೋದಾಂವಲ್ಲ?" ಅಂದಳು. ತಲೆಯಾಡಿಸಿದೆ. ಆಮೇಲೆ ಅಕ್ಕನನ್ನು ನೋಡಿದಳು. ಕಾಲಿನಿಂದ ಹಿಡಿದು ಮುಡಿದ ಹೂವಿನ ತನಕ ನೋಡಿದಳು.

"ಕೇಳಿದ್ಯಲ್ಲವ್ವ?" ಅಂದ ತಮ್ಮ, ಅಕ್ಕನ ಕಡೆ ಕೈ ಮಾಡಿ. "ಇವ್ರು ನಾಟಕ ಮಾಡ್ಯಾರ. ಇವನ್ನ ಯಾರೂ ಕರದಿಲ್ಲ."

"ನಾ ಕರದೀನಿ," ಅಂದಳು ಅವ್ವ.

"ನೀನಾ? ಈ ಹುಡುಗ ತಾನ ಒಪ್ಪಾಕತ್ತಾನ! ಮತ್ತ ನನ್ನ ಒಂದು ಮಾತು ಕೇಳದ ನೀ ಹ್ಯಾಂಗ ಕರೀತಿ?"

ಅವ್ವ ಹಿಟ್ಟಿನ ಕೈಯಲ್ಲೇ ಅಕ್ಕನ ಮುಂಗೈ ಹಿಡಿದು ಹೊಸ್ತಿಲ ಒಳಗೆ ಎಳೆದುಕೊಂಡಳು. ಆಮೇಲೆ ಮಗನ ಕಡೆ ತಿರುಗಿದಳು.

"ಇಕಿನ್ನ ಹಡದಾಗ ನೀ ಇನ್ನಾ ಹುಟ್ಟಿದ್ದಿಲ್ಲ. ಹಡಿಯಾಕ ನಿನ್ನ ಕೇಳಿಲ್ಲ, ಕರಿಯಾಕ ಕೇಳ್ಬೇಕೇನಲೇ?"